ಕರೆಂಟ್ ಹೋಗುವ ಊರಿನಿಂದ ವೆಬ್ ಕೆಲಸ: ನಾನು ಉಳಿಸಿಕೊಂಡ ಸಲಕರಣೆಗಳು

ನಮ್ಮ ಮನೆಯಲ್ಲಿ ಮೊಬೈಲಿಗೆ ರೇಂಜ್ ಸಿಗುವುದು ಕಾಫಿ ಕಣದ ಮೂಲೆಯಲ್ಲಿರುವ ಹಲಸಿನ ಮರದ ಬುಡದಲ್ಲಿ ಮಾತ್ರ. ಕೊಡಗಿನ ಮಾದಾಪುರದಿಂದ ಸಾಕಷ್ಟು ಒಳಗಿರುವ ತೋಟ ನಮ್ಮದು. ಮನೆಗೆ ಇಂಟರ್ನೆಟ್ ಕೇಬಲ್ ಬಂದಿದೆ, ಅದೇನೋ ನಿಜ. ಆದರೆ ಜೂನ್ ಹಿಡಿಯಿತೆಂದರೆ ಗಾಳಿಗೆ ಒಂದು ಸಿಲ್ವರ್ ಓಕ್ ಮರ ತಂತಿಯ ಮೇಲೆ ಒರಗುತ್ತದೆ. ಕರೆಂಟ್ ಹೋಗುತ್ತದೆ. ಟವರಿನ ಬ್ಯಾಟರಿ ಇರುವ ತನಕ ಹಲಸಿನ ಮರದಡಿ ಕೊಡೆ ಹಿಡಿದು ನಿಲ್ಲಬಹುದು, ಆಮೇಲೆ ಅದೂ ಇಲ್ಲ.

ಇಲ್ಲಿ ಕುಳಿತು ನಾನು ಹೋಂಸ್ಟೇಗಳಿಗೂ ಒಂದೆರಡು ಸಹಕಾರ ಸಂಘಗಳಿಗೂ ವೆಬ್‌ಸೈಟ್ ಮಾಡಿಕೊಡುತ್ತೇನೆ. ಬೆಂಗಳೂರಿನಲ್ಲಿದ್ದಾಗ ಯಾವ ಸಲಕರಣೆ ಹೊಸದೋ ಅದನ್ನು ಬಳಸುತ್ತಿದ್ದೆ. ಊರಿಗೆ ಬಂದ ಮೇಲೆ ಉಳಿದಿರುವುದು ಒಂದೇ ಪರೀಕ್ಷೆ: ಪುಟ ತೆರೆದುಕೊಂಡ ಕೂಡಲೇ ನೆಟ್ ಆರಿಸಿಬಿಡುತ್ತೇನೆ. ಆಮೇಲೂ ಕೆಲಸ ನಡೆದರೆ ಇಟ್ಟುಕೊಳ್ಳುತ್ತೇನೆ, ಇಲ್ಲದಿದ್ದರೆ ಎರಡು ಸಲ ಯೋಚಿಸುತ್ತೇನೆ.

ಈ ಪರೀಕ್ಷೆಯಲ್ಲಿ ಮೊದಲು ಗೆದ್ದದ್ದು ಸ್ಕ್ವೂಶ್. ಗೂಗಲ್‌ನ ಕ್ರೋಮ್ ತಂಡದವರು 2018ರಲ್ಲಿ ಬಿಟ್ಟ, ಚಿತ್ರಗಳ ತೂಕ ಇಳಿಸುವ ಪುಟ ಇದು. ಒಮ್ಮೆ ತೆರೆದರೆ ಮುಂದೆ ನೆಟ್ ಇಲ್ಲದೆಯೂ ನಡೆಯುತ್ತದೆ, ಏಕೆಂದರೆ ಚಿತ್ರ ಯಾವ ಸರ್ವರಿಗೂ ಹೋಗುವುದಿಲ್ಲ. ಕುಗ್ಗಿಸುವ ಕೆಲಸವೆಲ್ಲ ನಿಮ್ಮ ಬ್ರೌಸರಿನೊಳಗೇ. ಕಳೆದ ತಿಂಗಳು ಪಕ್ಕದ ತೋಟದ ಅಕ್ಕ ತಮ್ಮ ಹೋಂಸ್ಟೇಯ ಫೋಟೋ ಕೊಟ್ಟರು. ಕಾಫಿ ಹೂ ಬಿಟ್ಟಾಗ ಜಗಲಿಯಿಂದ ತೆಗೆದದ್ದು, ಚೆಂದದ ಚಿತ್ರ, ತೂಕ ಮಾತ್ರ 4.2 ಎಂಬಿ. ಸ್ಕ್ವೂಶ್‌ಗೆ ಎಳೆದು ಹಾಕಿ, ಅಗಲವನ್ನು 1600 ಪಿಕ್ಸೆಲಿಗೆ ಇಳಿಸಿ, ಬಲಗಡೆ ವೆಬ್‌ಪಿ ಎಂಬ ಚಿತ್ರ ಮಾದರಿಯನ್ನು ಆರಿಸಿ, ಗುಣಮಟ್ಟವನ್ನು 75ಕ್ಕೆ ಇಟ್ಟೆ. ನಡುವಿನ ಗೆರೆಯನ್ನು ಆಚೀಚೆ ಸರಿಸಿದರೆ ಮೊದಲಿನದೂ ಈಗಿನದೂ ಅಕ್ಕಪಕ್ಕ ಕಾಣುತ್ತವೆ. ಹೂವಿನ ಬಿಳುಪು ಎಲ್ಲಾದರೂ ಕಲಸಿಹೋಗಿದೆಯೇ ಎಂದು ಅಲ್ಲೇ ನೋಡಿಕೊಳ್ಳಿ. ಕೊನೆಗೆ ಸಿಕ್ಕಿದ್ದು 180 ಕೆಬಿ. ಸೆಕೆಂಡಿಗೆ 2 ಮೆಗಾಬಿಟ್ ಹರಿಯುವ ಕಡೆ ಹಳೆಯ ಚಿತ್ರ ಬರಲು ಸುಮಾರು 17 ಸೆಕೆಂಡು ಬೇಕಿತ್ತು, ಹೊಸದಕ್ಕೆ ಒಂದು ಸೆಕೆಂಡೂ ಬೇಡ. ‘ಅದೇ ಫೋಟೋನಾ ಮಾರಾಯ?’ ಎಂದು ಅಕ್ಕ ಎರಡು ಸಲ ಕೇಳಿದರು.

ಸೈಟ್ ಮಾಡುವವರು ತಮ್ಮ ಪುಟವನ್ನು ತಾವೇ ನಿಧಾನ ಮಾಡಿ ನೋಡುವುದು ಒಳ್ಳೆಯದು. ಕ್ರೋಮ್‌ನಲ್ಲಿ ಎಫ್12 ಒತ್ತಿ, ನೆಟ್‌ವರ್ಕ್ ವಿಭಾಗಕ್ಕೆ ಹೋಗಿ, ವೇಗದ ಪಟ್ಟಿಯಲ್ಲಿ 3ಜಿ ಆರಿಸಿ ಪುಟವನ್ನು ಮತ್ತೆ ತೆರೆಯಿರಿ. ನಗರದ ಫೈಬರಿನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಬರುವ ಪುಟ ಇಲ್ಲಿ ಬೆಳ್ಳಗೆ ಕುಳಿತಿರುತ್ತದೆ. ಸಂಪಾಜೆ ಘಾಟಿಯಲ್ಲಿ ಬಸ್ಸಿನೊಳಗೆ ಕುಳಿತು ಕೋಣೆ ಹುಡುಕುವವನಿಗೆ ಕಾಣುವುದೂ ಅದೇ.

ಕೋಡಿನ ಕೆಲಸಕ್ಕೆ, ಮಾಡಿದ ಬದಲಾವಣೆಗಳ ದಾಖಲೆ ಇಡುವ ಗಿಟ್ ಇದ್ದರೆ ಮಳೆಯ ಭಯವಿಲ್ಲ. ಕಮಿಟ್‌ಗೆ, ಎಂದರೆ ಬದಲಾವಣೆಯನ್ನು ನನ್ನ ಕಂಪ್ಯೂಟರಿನಲ್ಲೇ ದಾಖಲಿಸುವುದಕ್ಕೆ, ನೆಟ್ ಬೇಡ. ಮೂರು ದಿನದ ಕಮಿಟ್‌ಗಳನ್ನು ಒಟ್ಟುಮಾಡಿಕೊಂಡು, ಕರೆಂಟ್ ಬಂದ ರಾತ್ರಿ ಒಂದೇ ಸಲ ಸರ್ವರಿಗೆ ಪುಶ್ ಮಾಡುತ್ತೇನೆ. ಕೋಡ್ ಬರೆಯುವಾಗ ಬೇಕಾಗುವ ಮಾಹಿತಿ ಪುಟಗಳಿಗೆ ಡೆವ್‌ಡಾಕ್ಸ್ ಸೈಟ್ ನೋಡಿ. ಜಾವಾಸ್ಕ್ರಿಪ್ಟ್, ಸಿಎಸ್ಎಸ್, ಪೈಥಾನ್ ಎಂದು ನಿಮಗೆ ಬೇಕಾದವನ್ನು ಮಾತ್ರ ಆರಿಸಿ, ಆಫ್‌ಲೈನ್ ವಿಭಾಗದಲ್ಲಿ ಇಳಿಸಿಟ್ಟುಕೊಳ್ಳಬಹುದು. ದೊಡ್ಡ ಕಡತ ಇಳಿಸುವಾಗ ಅರ್ಧದಲ್ಲಿ ನಿಂತರೆ ಡಬ್ಲ್ಯುಗೆಟ್ ಆಜ್ಞೆಯ ಜೊತೆ ‘-ಸಿ’ ಆಯ್ಕೆಯನ್ನು ಇಂಗ್ಲಿಷಿನ ಚಿಕ್ಕ ಅಕ್ಷರದಲ್ಲಿ ಕೊಡಿ. ಸರ್ವರ್ ಒಪ್ಪಿದರೆ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಸೈಟ್ ಇಡಲು ಸಣ್ಣ ಹೋಂಸ್ಟೇಗೆ ಗಿಟ್‌ಹಬ್ ಪೇಜಸ್ ಧಾರಾಳ ಸಾಕು, ಹಣ ಕೊಡಬೇಕಾದದ್ದು ಡೊಮೇನಿಗೆ, ಅಂದರೆ ಸೈಟಿನ ಹೆಸರಿಗೆ ಮಾತ್ರ. ಬುಕಿಂಗ್ ವ್ಯವಸ್ಥೆಯೇ ಬೇಕೆನ್ನುವವರಿಗೆ ನಾನು ಫೋನ್ ನಂಬರ್ ಹಾಕಿಸಿ ಎನ್ನುತ್ತೇನೆ. ನಾಲ್ಕು ಕೋಣೆಗೆ ಡೇಟಾಬೇಸ್ ಏಕೆ?

ಕಾಫಿ ತೋಟದವರಿಗೆ ಇನ್ನೊಂದು ವಿಷಯ. ನನ್ನ ಅಪ್ಪ ಮಳೆಯ ಲೆಕ್ಕವನ್ನು ಪ್ರತಿದಿನ ಬೆಳಿಗ್ಗೆ ಪುಸ್ತಕದಲ್ಲಿ ಬರೆಯುತ್ತಾರೆ, ಇಂಚು ಮತ್ತು ಸೆಂಟಿನಲ್ಲಿ. ಎರಡು ಇಂಚು ಮೂವತ್ತೈದು ಸೆಂಟ್ ಎಂದರೆ 2-35. ಅದನ್ನು ಕಂಪ್ಯೂಟರಿಗೆ ಏರಿಸಲು ಹೊರಟು ನಾನು ಹಾಗೆಯೇ 2-35 ಎಂದು ಬೆರಳಚ್ಚಿಸಿದೆ. ಸ್ಪ್ರೆಡ್‌ಶೀಟ್ ಅದನ್ನು 1935ರ ಫೆಬ್ರವರಿ ಮಾಡಿತು. 3-12 ಎಂಬುದು ಡಿಸೆಂಬರ್ ಮೂರೋ ಮಾರ್ಚ್ ಹನ್ನೆರಡೋ ಆಯಿತು. ಒಂದು ಇಡೀ ಜುಲೈ ತಿಂಗಳನ್ನು ಮತ್ತೆ ಹೊಡೆದೆ. ಆದ್ದರಿಂದ ಮೊದಲೇ ಆ ಕಾಲಮ್ಮನ್ನು ಸಂಖ್ಯೆ ಎಂದು ಗುರುತಿಸಿ, 2.35 ಎಂದು ಚುಕ್ಕೆ ಹಾಕಿ ಬರೆಯಿರಿ. ಪಕ್ಕದ ಕಾಲಮ್ಮಿನಲ್ಲಿ 25.4ರಿಂದ ಗುಣಿಸಿದರೆ ಮಿಲಿಮೀಟರ್ ಬರುತ್ತದೆ, 2.35 ಇಂಚಿಗೆ 59.7. ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ 2018-08-16 ಎಂದು ಬರೆದರೆ ಯಾವ ತಂತ್ರಾಂಶಕ್ಕೂ ಗೊಂದಲವಾಗುವುದಿಲ್ಲ, ಸಾಲುಗಳನ್ನು ಜೋಡಿಸಿದಾಗ ಅವೂ ಸರಿಯಾದ ಕ್ರಮಕ್ಕೆ ಬರುತ್ತವೆ. ಕೊಡಗಿನಲ್ಲಿ ಗುಡ್ಡಗಳು ಕುಸಿದ 2018ರ ಆಗಸ್ಟ್ ಪುಟಗಳನ್ನು ಅಪ್ಪ ನನ್ನೊಬ್ಬನಿಗೇ ಬಿಡಲಿಲ್ಲ, ತಾವೇ ಪಕ್ಕದಲ್ಲಿ ಕುಳಿತು ಒಂದೊಂದಾಗಿ ಓದಿ ಹೇಳಿದರು.

ಕನ್ನಡದ ಹಳೆಯ ಕಡತಗಳ ಗೋಳು ಬೇರೆ. ಸಂಘದವರು ವಾರ್ಷಿಕ ವರದಿ ಕಳಿಸಿದರು. ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಹೊಡೆದದ್ದು. ವೆಬ್ ಪುಟಕ್ಕೆ ಅಂಟಿಸಿದರೆ ಬರೀ ಇಂಗ್ಲಿಷ್ ಅಕ್ಷರ, ತಲೆಯ ಮೇಲೆ ಗೀಟು, ನಡುನಡುವೆ ಪೌಂಡಿನ ಗುರುತು. ಹಳೆಯ ಆಸ್ಕಿ ಫಾಂಟಿನಲ್ಲಿ ಅಕ್ಷರ ಕನ್ನಡದಂತೆ ಕಂಡರೂ ಒಳಗೆ ಕೂತಿರುವ ಸಂಕೇತ ಇಂಗ್ಲಿಷಿನದೇ. ಆ ಪೌಂಡಿನ ಗುರುತೇ ಅಲ್ಲಿ ‘ನ’. ಅದನ್ನು ವೆಬ್‌ನಲ್ಲಿ ಕನ್ನಡವಾಗಿಯೇ ಕಾಣುವ ಯೂನಿಕೋಡ್ ಸಂಕೇತಕ್ಕೆ ಬದಲಿಸಬೇಕು. ‘ನುಡಿ ಆಸ್ಕಿಯಿಂದ ಯೂನಿಕೋಡ್ ಪರಿವರ್ತಕ’ ಎಂದು ಹುಡುಕಿದರೆ ಬ್ರೌಸರಿನಲ್ಲೇ ಬದಲಿಸಿಕೊಡುವ ಪುಟಗಳು ಸಿಗುತ್ತವೆ. ಬದಲಿಸಿದ ಮೇಲೆ ಒತ್ತಕ್ಷರ ಮತ್ತು ಅರ್ಕಾವತ್ತನ್ನು ಕಣ್ಣಿಟ್ಟು ಓದಿ, ಎಡವುವುದು ಅಲ್ಲೇ. ಅಂಕಿಗಳನ್ನಂತೂ ಮೂಲದೊಂದಿಗೆ ಹೋಲಿಸಲೇಬೇಕು. ಲಾಭಾಂಶ ತಪ್ಪಾದರೆ ಮಹಾಸಭೆಯಲ್ಲಿ ಬೈಸಿಕೊಳ್ಳುವವರು ನೀವು.

ಈಗ ಎಚ್ಚರಿಕೆಯ ಮಾತು. ಹೋಂಸ್ಟೇಯವರು ಅತಿಥಿಗಳ ಆಧಾರ್, ಪಹಣಿಯ ಪ್ರತಿ ಎಲ್ಲವನ್ನೂ ಕಂಡಕಂಡ ಪಿಡಿಎಫ್ ಜೋಡಿಸುವ ಸೈಟಿಗೆ ಏರಿಸುತ್ತಾರೆ. ಬೇಡ. ಪಿಡಿಎಫ್‌ಸ್ಯಾಮ್ ಬೇಸಿಕ್ ಎಂಬ ಉಚಿತ ತಂತ್ರಾಂಶ ನಿಮ್ಮ ಕಂಪ್ಯೂಟರಿನಲ್ಲೇ ಜೋಡಿಸುತ್ತದೆ, ಬೇರ್ಪಡಿಸುತ್ತದೆ. ಅತಿಥಿಗಳಿಂದ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರ್ ಕೇಳಿ. ಅನುಮಾನದ ಕೊಂಡಿಯನ್ನು ವೈರಸ್‌ಟೋಟಲ್‌ನಲ್ಲಿ ಹಾಕಿ ನೋಡಬಹುದು, ಹತ್ತಾರು ಆಂಟಿವೈರಸ್‌ಗಳ ಅಭಿಪ್ರಾಯ ಒಟ್ಟಿಗೆ ಸಿಗುತ್ತದೆ. ಆದರೆ ಅಲ್ಲಿಗೆ ಏರಿಸಿದ ಕಡತ ಇತರ ಸಂಶೋಧಕರ ಕೈಗೂ ಹೋಗುತ್ತದೆ, ಖಾಸಗಿ ಕಾಗದ ಅಲ್ಲಿಗೆ ಹಾಕಬಾರದು.

ಅದೇ ಅಕ್ಕನಿಗೆ ಒಂದು ಕರೆ ಬಂದಿತ್ತು. ಸೇನೆಯವನಂತೆ, ಮೂರು ದಿನಕ್ಕೆ ಎಲ್ಲ ಕೋಣೆ ಬೇಕಂತೆ, ಮುಂಗಡ ಕಳಿಸುತ್ತಾನಂತೆ. ‘ಹಣ ಪಡೆಯಲು’ ಎಂದು ಕ್ಯೂಆರ್ ಚಿತ್ರ ಕಳಿಸಿದ. ಅಕ್ಕ ಸ್ಕ್ಯಾನ್ ಮಾಡಿ, ಪಿನ್ ಕೇಳಿದಾಗ ಅನುಮಾನ ಬಂದು ನನ್ನನ್ನು ಕರೆದರು. ಯುಪಿಐಯಲ್ಲಿ ಹಣ ಬರುವುದಕ್ಕೆ ಪಿನ್ ಬೇಕಿಲ್ಲ, ಹೋಗುವುದಕ್ಕೆ ಮಾತ್ರ ಬೇಕು. ಇದನ್ನು ಒಂದು ಚೀಟಿಯಲ್ಲಿ ಬರೆದು ಅವರ ಫೋನಿನ ಹಿಂದೆ ಅಂಟಿಸಿದ್ದೇನೆ. ಹಣ ಹೋಗಿಯೇಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಬೇಗ ತಿಳಿಸಿದಷ್ಟೂ ಆ ಹಣವನ್ನು ಬ್ಯಾಂಕಿನಲ್ಲಿ ತಡೆಹಿಡಿಯುವ ಅವಕಾಶ ಹೆಚ್ಚು. ಇನ್ನು ಕೊಡಗಿಗೆ ಬರುವವರಿಗೆ: ಹೋಂಸ್ಟೇ ಸೈಟಿನ ಹೆಸರನ್ನು, ಡೊಮೇನ್‌ಗಳ ನೋಂದಣಿ ವಿವರ ತೋರಿಸುವ ಹೂಈಸ್ ಹುಡುಕಾಟದಲ್ಲಿ ಹಾಕಿ, ನೋಂದಣಿಯ ದಿನಾಂಕ ನೋಡಿ. ‘ಇಪ್ಪತ್ತು ವರ್ಷಗಳ ಆತಿಥ್ಯ’ ಎಂದು ಬರೆದುಕೊಂಡವರ ಡೊಮೇನ್ ಎರಡು ವಾರದ ಹಿಂದೆ ಹುಟ್ಟಿದ್ದರೆ ಮುಂಗಡ ಕಳಿಸುವ ಮುನ್ನ ಕರೆ ಮಾಡಿ ಮಾತಾಡಿ.

ಪಾಸ್‌ವರ್ಡ್‌ಗಳನ್ನು ಜೋಪಾನವಾಗಿಡಲು ಬಿಟ್‌ವಾರ್ಡನ್ ತಂತ್ರಾಂಶ ಸಾಕು. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಡೈರಿಯಲ್ಲಿ ಬರೆದಿಡುವ ಅಪ್ಪನನ್ನು ಒಪ್ಪಿಸಲು ನನ್ನಿಂದಾಗಿಲ್ಲ.

ಕೊನೆಯದು ನಕ್ಷೆ. ನಮ್ಮ ಕಡೆ ತೋಟದ ದಾರಿಯೂ ಊರಿನ ದಾರಿಯೂ ನಕ್ಷೆಯಲ್ಲಿ ಒಂದೇ ಬಗೆಯ ಗೆರೆ. ರಾತ್ರಿ ಒಂಬತ್ತಕ್ಕೆ ಬೆಂಗಳೂರಿನ ಕಾರು ಪಕ್ಕದ ಎಸ್ಟೇಟಿನ ಲೈನ್ ಮನೆಗಳ ಮುಂದೆ ನಿಂತು ನಾಯಿಗಳನ್ನೆಲ್ಲ ಎಬ್ಬಿಸುತ್ತಿತ್ತು. 2004ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನು ಯಾರು ಬೇಕಾದರೂ ತಿದ್ದಬಹುದು. ಖಾತೆ ತೆರೆದು, ತಿದ್ದು ಎಂಬುದನ್ನು ಒತ್ತಿ, ಉಪಗ್ರಹ ಚಿತ್ರದ ಮೇಲೆ ದಾರಿಯನ್ನು ಗೆರೆ ಎಳೆದು, ಖಾಸಗಿ ಎಂದು ಗುರುತಿಸಿ, ಗೇಟ್ ಇರುವಲ್ಲಿ ಗೇಟ್ ಹಾಕಿದರೆ ಮುಗಿಯಿತು. ಮರದ ನೆರಳಿನಲ್ಲಿ ದಾರಿ ಕಾಣದ ಕಡೆ ನಾನೇ ಜಿಪಿಎಸ್ ಹಚ್ಚಿಕೊಂಡು ನಡೆದೆ. ಜಿಗಣೆ ಹತ್ತಿದ್ದು ಎಷ್ಟೆಂದು ಎಣಿಸಲಿಲ್ಲ. ಇದೇ ನಕ್ಷೆಯನ್ನು ಆರ್ಗ್ಯಾನಿಕ್ ಮ್ಯಾಪ್ಸ್ ಆ್ಯಪ್ ನೆಟ್ ಇಲ್ಲದೆ ತೋರಿಸುತ್ತದೆ, ಮೊದಲೇ ಇಳಿಸಿಟ್ಟುಕೊಂಡಿದ್ದರೆ. ಅಕ್ಕನ ಹೋಂಸ್ಟೇಯಿಂದ ಅತಿಥಿಗಳಿಗೆ ಹೋಗುವ ಸಂದೇಶದಲ್ಲಿ ಈಗ ಬಾಡಿಗೆಗಿಂತ ಮೇಲೆ ಒಂದು ಸಾಲು ಇದೆ: ‘ಕುಶಾಲನಗರ ದಾಟುವ ಮೊದಲು ನಕ್ಷೆ ಇಳಿಸಿಕೊಳ್ಳಿ. ಹಸಿರು ಗೇಟ್ ಕಂಡರೆ ನೀವು ಮುಂದೆ ಬಂದಿದ್ದೀರಿ, ಹಿಂದೆ ಹೋಗಿ.’