ಮಗಳಿಗೆ ಲಕ್ಕಮ್ಮ ಅಂತ ಹೆಸರಿಟ್ಟ ಕಥೆ

ಮಗಳು ಈ ವರ್ಷ ಒಂದನೇ ಕ್ಲಾಸು. ಹಾಜರಿಯಲ್ಲಿ ಸಾನ್ವಿ, ಆದ್ಯಾ ಇಬ್ಬಿಬ್ಬರು ಮೂರ್ಮೂರು ಜನ ಇದ್ದಾರೆ, ಲಕ್ಕಮ್ಮ ಒಬ್ಬಳೇ. "ಈ ಕಾಲದಾಗ ಈ ಹೆಸರು ನಡಿಯಲ್ಲ" ಅಂದವರೆಲ್ಲ ಈಗ ಸುಮ್ಮನಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಲಿಂಗಸುಗೂರಿನಲ್ಲಿ ನನ್ನದು ಝೆರಾಕ್ಸ್, ಆನ್‌ಲೈನ್ ಅರ್ಜಿ ಅಂಗಡಿ. ಹೆಸರು ತಿದ್ದಿಸಲು ಬರುವವರನ್ನು ದಿನವೂ ನೋಡುತ್ತೇನೆ. ಆಸ್ಪತ್ರೆ ಚೀಟಿಯಲ್ಲೊಂದು ಸ್ಪೆಲ್ಲಿಂಗ್, ಆಧಾರ್‌ನಲ್ಲಿ ಇನ್ನೊಂದು. ನೋಟರಿ, ಓಡಾಟ, ಹೋದ ಕೂಲಿ ಸೇರಿ ಸಾವಿರ, ಒಂದೂವರೆ ಸಾವಿರ ಸುಮ್ನೆ ಹೋಗುತ್ತದೆ. ಹಾಗಾಗಿ ಕೂಸು ಹುಟ್ಟುವ ಮುಂಚೆಯೇ ಅಂಗಡಿಗೆ ಬಂದ ಹುಡುಗರ ಕೈಲಿ ಒಂದಿಷ್ಟು ಹೆಸರು ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿದೆ. ಸಾನ್ವಿಗೆ ಒಬ್ಬ ವಿ, ಒಬ್ಬ ಡಬ್ಲ್ಯು. ಆದ್ಯಾಗೆ ಕೊನೆಯಲ್ಲಿ ಒಬ್ಬಳು ಎಚ್ ಸೇರಿಸಿದಳು. ಲಕ್ಕಮ್ಮನಿಗೆ ಒಬ್ಬ ಎಮ್ ಒಂದೇ ಹಾಕಿದ, ಉಳಿದವರದ್ದೆಲ್ಲ ಒಂದೇ ತರ.

ಆದರೂ ಮನೆಯವರ ದಾರಿಯಲ್ಲೂ ಹೋಗಿ ನೋಡಿದೆ. ವಾಟ್ಸಾಪ್ ಗುಂಪಿನಲ್ಲಿ ವೋಟಿಂಗ್ ಇಟ್ಟೆ, ಇಬ್ಬರು ಮುನಿಸಿಕೊಂಡು ಗುಂಪು ಬಿಟ್ಟರು. ಜಾತಕ ಬರೆಯುವವರಿಗೆ 251 ರೂಪಾಯಿ ದಕ್ಷಿಣೆ ಕೊಟ್ಟೆ. ಪೂರ್ವಾಷಾಢ, ನಾಲ್ಕನೇ ಪಾದ, ಅಕ್ಷರ 'ಢಾ' ಅಂದರು. ಢಾ ಹಿಡಿದು ಹೆಣ್ಣುಕೂಸಿಗೆ ಏನಿಡೋಣ ಹೇಳಿ! ಅಕ್ಷರ ಜಾತಕದಲ್ಲೇ ಇರಲಿ, ಕರೆಯುವ ಹೆಸರು ಬೇರೆ ಅಂತ ಮುಗಿಸಿದೆ.

ಲಕ್ಕಮ್ಮ ನಮ್ಮಪ್ಪನ ತಾಯಿಯ ಹೆಸರು. ಆಯ್ದಕ್ಕಿ ಲಕ್ಕಮ್ಮನೂ ನಮ್ಮ ತಾಲೂಕಿನ ಗುರುಗುಂಟಾ ಅಮರೇಶ್ವರದವಳು. ಗಂಡ ದಿನಕ್ಕಿಂತ ಜಾಸ್ತಿ ಅಕ್ಕಿ ಆಯ್ದು ತಂದಾಗ ವಾಪಸ್ ಸುರಿದು ಬಾ ಅಂದ 12ನೇ ಶತಮಾನದ ಶರಣೆ. ಈ ಕಥೆ ಹೇಳಿದರೆ ಎಲ್ಲರೂ ತಲೆದೂಗುತ್ತಿದ್ದರು, ಹೆಸರಿಗೆ ಮಾತ್ರ ಒಪ್ಪುತ್ತಿರಲಿಲ್ಲ. ಹಟ್ಟಿಯ ಭಾಮೈದನಂತೂ "ಏನ್ರಿ ಮಾವ, ಹುಟ್ಟಿದ ಕೂಡ್ಲೇ ಮುದುಕಿ ಮಾಡ್ತೀರೇನು?" ಅಂದ.

ನಿಜವಾದ ತಡೆ ನಮ್ಮವ್ವ. ಅತ್ತೆಯ ಹೆಸರನ್ನು ಆಕೆ ಜನ್ಮದಲ್ಲಿ ಬಾಯಲ್ಲಿ ಆಡಿದವಳಲ್ಲ. "ಅತ್ತಿ ಹೆಸರು ಹಿಡಿದು ಕೂಸಿಗೆ ಹೆಂಗ ಬೈಲೋ?" ಅಂದಳು. ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕೊನೆಗೆ ಆಕೆಯೇ ದಾರಿ ಹುಡುಕಿಕೊಂಡಳು. ಇವತ್ತಿಗೂ ಮೊಮ್ಮಗಳನ್ನು "ಅವ್ವಾ" ಅಂತಲೇ ಕರೆಯುತ್ತಾಳೆ, ಬೈಯುವಾಗಲೂ.

ನಾನು ಹಿಡಿದದ್ದು ಅಕ್ಕನನ್ನು. ತೊಟ್ಟಿಲ ದಿನ ಸೋದರತ್ತೆ ಕಿವಿಯಲ್ಲಿ ಹೇಳಿದ್ದೇ ಹೆಸರು, ಆಮೇಲೆ ಯಾರದೂ ನಡೆಯಲ್ಲ, ಅಲ್ವಾ? ಒಂದು ಇಳಕಲ್ ಸೀರೆ, ಎರಡೂವರೆ ಸಾವಿರದ ಆಸುಪಾಸು. ತೊಟ್ಟಿಲ ಖರ್ಚು ಊಟ, ಗುಗ್ಗರಿ ಎಲ್ಲ ಸೇರಿ ಮೂವತ್ತು ಸಾವಿರದ ಹತ್ತಿರ ಆಯಿತು, ಕೆಲಸ ಮಾಡಿದ್ದು ಆ ಸೀರೆಯೇ. ಅಕ್ಕ ಬಗ್ಗಿ ಕುರ್ರ್ ಅಂದಳು, ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಿದ್ದರು, ಆ ಗದ್ದಲದಲ್ಲೇ "ಲಕ್ಕಮ್ಮ" ಅಂದುಬಿಟ್ಟಳು. ಭಾಮೈದ ಗುಗ್ಗರಿ ಬಾಯಿಗೆ ಹಾಕಿಕೊಂಡು ನಿಂತಿದ್ದ. ಹೆಂಡತಿಯನ್ನು ಹೇಗೆ ಒಪ್ಪಿಸಿದೆ ಅನ್ನೋದನ್ನು ಬರೆಯಲ್ಲ. ಲಕ್ಕಿ ಅಂತ ಕರೆಯಲು ಯಾರಿಗೂ ಬಿಟ್ಟಿಲ್ಲ.

ಇನ್ನು ಕಾಗದದ ಕೆಲಸ. ಜನನ ನೋಂದಣಿ 21 ದಿನದೊಳಗೆ ಮಾಡಿಸಿ, ಹೆಸರಿಗೆ ಅವಸರ ಬೇಡ. 12 ತಿಂಗಳೊಳಗೆ ಸೇರಿಸಿದರೆ ಶುಲ್ಕವಿಲ್ಲ, ಆಮೇಲೆ 15 ವರ್ಷದವರೆಗೆ ತಡದ ಶುಲ್ಕ ಕಟ್ಟಿ ಸೇರಿಸಬಹುದು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗಂತೂ ಶಾಲೆಯಿಂದ ಪಾಸ್‌ಪೋರ್ಟ್‌ವರೆಗೆ ಜನನ ಪ್ರಮಾಣಪತ್ರವೇ ಆಧಾರ. ಅದರಲ್ಲಿ ಅಕ್ಷರ ಸರಿ ಇದ್ದರೆ ಮುಂದಿನದು ಸಲೀಸು. ನಮ್ಮದರಲ್ಲಿ ಇದುವರೆಗೆ ಒಂದು ಅಕ್ಷರವೂ ತಿದ್ದಿಸಿಲ್ಲ.

ಭಾಮೈದನಿಗೆ ಈಗ ಹೆಣ್ಣುಕೂಸು. ಅವನಿಗೆ ನೀಲಮ್ಮ ಬೇಕಂತೆ, ಅವನ ಹೆಂಡತಿಗೆ ಬೇಡವಂತೆ. ಐದು ತಿಂಗಳಾಯಿತು, ಇನ್ನೂ ಏಳು ತಿಂಗಳು ಜಗಳ ಪುಕ್ಕಟೆ.