ಹೇರ್ ಸ್ಟ್ರೈಟ್ನರ್‌ನಲ್ಲಿ ಫ್ಲೈ ಲೈನ್ ಕುಣಿಕೆ: ನನ್ನ ಅನುಭವ

ಫ್ಲೈ ಲೈನ್ (ಹಗುರವಾದ ಕೃತಕ ಹುಳವನ್ನು ಎಸೆಯಲು ಬಳಸುವ, ಪ್ಲಾಸ್ಟಿಕ್ ಕೋಟಿಂಗ್ ಇರುವ ದಪ್ಪ ಗಾಳದ ದಾರ) ತುದಿಯನ್ನು ಕರಗಿಸಿ ಕುಣಿಕೆ ಮಾಡುತ್ತೇನೆ ಅಂದಾಗ ನಮ್ಮ ಗಾಳದ ಗೆಳೆಯರೆಲ್ಲ ನಕ್ಕರು. "7 ಸಾವಿರದ ಲೈನ್ ಸುಟ್ಟು ಹಾಕ್ತೀಯಲ್ಲೋ ಮಾರಾಯ" ಅಂದರು. ಈಗ ಅವರೇ ಲೈನ್ ಹಿಡಿದುಕೊಂಡು ನಮ್ಮನೆಗೆ ಬರುತ್ತಾರೆ.

ಲೈನ್ ತುದಿಗೆ ಬೇರೆ ದಾರ ಸೇರಿಸಲು ಸಾಮಾನ್ಯವಾಗಿ ಹಾಕುವ ಗಂಟು ನೇಲ್ ನಾಟ್. ಟ್ರೌಟ್ ಮೀನಿಗೆ ಅದು ಸಾಕು. ಆದರೆ ಕೊಡಗಿನ ವಾಲ್ನೂರಿನಲ್ಲಿ (ಪರವಾನಗಿ ತಗೊಂಡು, ಹಿಡಿದ ಮೀನನ್ನು ವಾಪಸ್ ಬಿಡುವ ಜಾಗ) ಮಹಶೀರ್ ಒಮ್ಮೆ ಹರಿವಿನ ಜೊತೆ ಓಡಿತೆಂದರೆ 90 ಅಡಿ ಲೈನ್ ನೋಡ್ತಾ ನೋಡ್ತಾ ಮುಗಿದು ಅದರ ಹಿಂದೆ ರೀಲಿಗೆ ಸುತ್ತಿದ ತೆಳು ದಾರ, ಅಂದರೆ ಬ್ಯಾಕಿಂಗ್, ಹೊರಗೆ ಬರುತ್ತದೆ. ಆಗ ಇವೆರಡನ್ನು ಸೇರಿಸಿದ ನನ್ನ ಗಂಟು ರಾಡ್ ತುದಿಯ ಉಂಗುರಕ್ಕೆ ಸಿಕ್ಕಿಕೊಂಡಿತು. ಟಿಪೆಟ್ (ಹುಕ್ ಕಟ್ಟುವ ತುದಿಯ ತೆಳು ದಾರ) ತುಂಡು, ಮೀನು ನಾಪತ್ತೆ. ಗಂಟು ನುಣುಪಾಗಲಿ ಅಂತ ಫೆವಿಕ್ವಿಕ್ ಹಚ್ಚಿದೆ. ಅದು ಕಡ್ಡಿಯಂತೆ ಬಿಗಿದು, ಪ್ರತಿ ಕಾಸ್ಟಿಗೂ ಅದರ ಅಂಚಿನಲ್ಲೇ ಲೈನ್ ಮಡಚಿ, ಕೋಟಿಂಗ್ ಸೀಳಿತು. ಅಲ್ಲಿಗೆ ಒಂದು ಲೈನ್ ಹೋಯಿತು. ಹೆಣೆದ ರೆಡಿಮೇಡ್ ಕುಣಿಕೆ ನೀರು ಕುಡಿದು ತುದಿಯನ್ನೇ ಮುಳುಗಿಸಿತು.

ಕೊನೆಗೆ ಬೆಂಗಳೂರಿನ ಎಸ್.ಪಿ. ರೋಡಿನಿಂದ ಪಾರದರ್ಶಕ ಹೀಟ್ ಶ್ರಿಂಕ್ ಟ್ಯೂಬ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ) ತಂದೆ. ಮೀಟರಿಗೆ 20 ರೂಪಾಯಿಯೋ 30 ರೂಪಾಯಿಯೋ ಇರಬೇಕು. ಸ್ಟ್ರೈಟ್ನರ್ ಅಕ್ಕನದು, ಹಳೇದು. ಲೈನ್ ತುದಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ, ಓರೆಯಾಗಿ ಕತ್ತರಿಸಿ, ಚಿಕ್ಕ ಕುಣಿಕೆ ಬಿಟ್ಟು ಹಿಂದಕ್ಕೆ ಮಡಚಿ, ಎರಡೂ ಎಳೆ ಸೇರುವ ಕಡೆ ಟ್ಯೂಬ್ ತೊಡಿಸಿ ಒತ್ತಿದೆ. ಬಿಸಿ 170 ಡಿಗ್ರಿ ಆಸುಪಾಸು. ಕೋಟಿಂಗ್ ಕರಗಿ ಒಂದಾಗುತ್ತದೆ, ಒಳಗಿನ ನೈಲಾನ್ ಎಳೆಗೆ ಏನೂ ಆಗುವುದಿಲ್ಲ. ನಾನು ಈ ಆಟ ಆಡಿದ್ದು ಪಿವಿಸಿ ಕೋಟಿಂಗ್ ಇರುವ ಲೈನ್ ಮೇಲೆ. ಎಷ್ಟು ಸೆಕೆಂಡ್ ಒತ್ತಬೇಕು, ತಣಿಯುವಾಗ ಏನು ಮಾಡಬೇಕು ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಹಳೇ ಲೈನ್ ತುಂಡುಗಳ ಮೇಲೆ ಮಾಡಿ ನೋಡಿ, ನಿಮಗೂ ಸಿಗುತ್ತದೆ. ಲಗೇಜ್ ತೂಗುವ ತಕ್ಕಡಿಗೆ ಕಟ್ಟಿ ಎಳೆದೆ. 9 ಕೆಜಿ ಹತ್ತಿರ ಹೋದಾಗ 20 ಪೌಂಡ್ ತಾಳುವ ಟಿಪೆಟ್ ತುಂಡಾಯಿತು, ಕುಣಿಕೆ ಅಲ್ಲಾಡಲಿಲ್ಲ.

ಬ್ಯಾಕಿಂಗ್ ಕಡೆಯೂ ಹೀಗೇ. ಬ್ಯಾಕಿಂಗ್‌ನ ಕುಣಿಕೆ ಮಾತ್ರ ದೊಡ್ಡದಿರಲಿ, ಲೈನಿನ ಇಡೀ ಸುರುಳಿಯೇ ಅದರೊಳಗೆ ತೂರಬೇಕು. ಆಗ ಏನೂ ಕತ್ತರಿಸದೆ ಲೈನ್ ಬದಲಿಸಬಹುದು. ಎರಡು ಕುಣಿಕೆಗಳು ಕೈಕುಲುಕಿದಂತೆ ಸಮವಾಗಿ ಕೂತಿವೆಯಾ ನೋಡಿ. ಒಂದು ಇನ್ನೊಂದನ್ನು ಬಿಗಿದುಕೊಂಡರೆ ಕೋಟಿಂಗ್ ಕೊಯ್ಯುತ್ತದೆ. ಜಾಸ್ತಿ ಉದ್ದ ಹಿಡಿಯಲಿ ಅಂತ ಬ್ಯಾಕಿಂಗ್‌ಗೆ ಡೇಕ್ರಾನ್ (ಹೆಣೆದ ಪಾಲಿಯೆಸ್ಟರ್ ದಾರ) ಬದಲು ತೆಳ್ಳಗಿನ ಜೆಲ್ ಸ್ಪನ್ ದಾರ ಸುತ್ತಿ ನೋಡಿದೆ. ಸ್ಪೂಲ್ ಮೇಲೆ ಜಾರಿತು, ಸಡಿಲವಾದ ಕಡೆ ತನ್ನ ಸುತ್ತುಗಳೊಳಗೇ ಹೂತುಕೊಂಡಿತು, ಬೆರಳನ್ನೂ ಕೊಯ್ದಿತು. ವಾಪಸ್ 30 ಪೌಂಡ್ ಡೇಕ್ರಾನ್, ಸ್ಪೂಲಿಗೆ ಕಟ್ಟಲು ಆರ್ಬರ್ ನಾಟ್ ಗಂಟು.

ಲೀಡರ್‌ಗೆ (ಲೈನ್ ಮತ್ತು ಹುಕ್ ನಡುವಿನ, ತುದಿಗೆ ಹೋದಂತೆ ತೆಳ್ಳಗಾಗುವ ದಾರ) 500 ರೂಪಾಯಿ ಸುಮ್ನೆ ಯಾಕೆ ಕೊಡಬೇಕು? 40, 30, 20 ಪೌಂಡ್ ಮಾನೋವನ್ನು (ಒಂದೇ ಎಳೆಯ ನೈಲಾನ್ ದಾರ) ಬ್ಲಡ್ ನಾಟ್ ಗಂಟಿನಲ್ಲಿ ಸೇರಿಸಿ ಸುಮಾರು 8 ಅಡಿ ಕಟ್ಟುತ್ತೇನೆ, 30 ರೂಪಾಯಿ ಆಗಬಹುದು. ಮಹಶೀರ್‌ಗೆ ಬಾಯಲ್ಲಿ ಹಲ್ಲಿಲ್ಲ, ಇರುವುದು ಗಂಟಲಲ್ಲಿ. ಹಾಗಾಗಿ ಸ್ಟೀಲ್ ವೈರ್ ಬೇಡ, ಬಂಡೆಗೆ ಉಜ್ಜಿದ ತುದಿಯನ್ನು ಆಗಾಗ ಕತ್ತರಿಸಿ ಹೊಸದಾಗಿ ಕಟ್ಟಿದರೆ ಸಾಕು.

ಈಗ ಉಳಿದಿರುವ ತಲೆನೋವು ತಣ್ಣೀರಿಗೆ ಮಾಡಿದ ಲೈನ್. ಮಾರ್ಚ್ ಬಿಸಿಲಿಗೆ ಅಂಟಂಟಾಗಿ ಉಂಗುರದಲ್ಲಿ ಜಾರುವುದೇ ಇಲ್ಲ. ಅದಕ್ಕೂ ಒಂದು ಪುಡಿ ಹಚ್ಚಿ ನೋಡುತ್ತಿದ್ದೇನೆ, ಯಾವುದು ಅಂತ ಈಗಲೇ ಕೇಳಬೇಡಿ.