ಮೊದಲ ಹನಿಗೇ ಎಲ್ಲಾ ಬೀಜ ಬೇಡ

ಮಡಕಶಿರಾ, ರಾಯದುರ್ಗ ಕಡೆಯ ನಮಗೆ ಮಳೆ ಕೈಕೊಡುವುದು ಹೊಸದಲ್ಲ, ಅಲ್ವಾ? ಅಮೆರಿಕದ ಡೆತ್ ವ್ಯಾಲಿ ಮರುಭೂಮಿಯಲ್ಲಿ ವರ್ಷಕ್ಕೆ ಬೀಳುವುದೇ ಸುಮಾರು 50 ಮಿ.ಮೀ. ಆದರೂ 2005, 2016ರಲ್ಲಿ ಅಲ್ಲಿ ನೆಲ ತುಂಬ ಹಳದಿ ಕಾಡುಹೂ ಅರಳಿತ್ತು. ಮರುಭೂಮಿಯ ಎಷ್ಟೋ ಹೂಗಳ ಬೀಜದ ಸಿಪ್ಪೆಯಲ್ಲಿ ಮೊಳಕೆ ತಡೆಯುವ ಅಂಶ ಇರುತ್ತದೆ. ಒಳ್ಳೆ ಮಳೆ ಬಿದ್ದು ಅದು ತೊಳೆದುಹೋದ ಮೇಲೇ ಮೊಳಕೆ. ಸುಮ್ನೆ ಎರಡು ಹನಿಗೆ ಮೋಸ ಹೋಗುವುದಿಲ್ಲ! ಆಗಲೂ ಎಲ್ಲಾ ಬೀಜ ಏಳುವುದಿಲ್ಲ. ಒಂದಷ್ಟು ಮುಂದಿನ ವರ್ಷಗಳಿಗೆ ಮಣ್ಣಲ್ಲೇ ಉಳಿಯುತ್ತವೆ.

ಬೆಳೆ ಹೋದಾಗ, ಕೆಲಸ ಹೋದಾಗ ‘ಧೈರ್ಯವಾಗಿರಿ’ ಅನ್ನುವ ಮಾತಿಗಿಂತ ಇದು ಜಾಸ್ತಿ ಉಪಯೋಗ. ಮತ್ತೆ ಶುರು ಮಾಡುವಾಗ ಇರುವ ದುಡ್ಡು, ಶಕ್ತಿ ಒಂದೇ ಸಲ ಸುರಿಯಬೇಡಿ. ಒಂದು ಪಾಲು ತೆಗೆದಿಡಿ. ಮನೆಯವರಿಗೂ ಹೇಳಿಡಿ, ಇಲ್ಲಾಂದ್ರೆ ಅದು ಯಾರದೋ ಮದುವೆಗೆ ಖರ್ಚಾಗುತ್ತದೆ.